ನಾಯಿಗೆ ಉಣ್ಣೆ ಹತ್ತಿ ಊಟ ಬಿಟ್ಟಿದೆ, ಏನು ಮಾಡಲಿ?

ಇವತ್ತೇ ಪಶುವೈದ್ಯರಿಗೆ ತೋರಿಸಿ. ಉಣ್ಣೆ ಹತ್ತಿದ ನಾಯಿ ಊಟ ಬಿಟ್ಟು ಮಂಕಾದರೆ ಉಣ್ಣೆ ಜ್ವರ ಇರಬಹುದು. ಉಣ್ಣೆ ಕಚ್ಚಿದಾಗ ಎರ್ಲಿಕಿಯಾ, ಬೆಬೀಸಿಯಾದಂಥ ರೋಗಾಣುಗಳು ರಕ್ತ ಸೇರಬಹುದು.

ತುಟಿ ಎತ್ತಿ ವಸಡು ನೋಡಿ. ಕಪ್ಪು ವಸಡಿನ ನಾಯಿಯಾದರೆ ಕೆಳರೆಪ್ಪೆ ಎಳೆದು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿದ್ದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ತಡ ಮಾಡಬೇಡಿ.

ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನೋಡುತ್ತಾರೆ. ಎರ್ಲಿಕಿಯಾ ಆದರೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಕೊಡುತ್ತಾರೆ. ಕೆಲವೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಆಗಲೇ ಜಾಸ್ತಿ ಜನ ಮಾತ್ರೆ ನಿಲ್ಲಿಸುವುದು. ದಯವಿಟ್ಟು ನಿಲ್ಲಿಸಬೇಡಿ. ಜ್ವರ ಅಲ್ವಾ ಅಂತ ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಕೊಡಲೇಬೇಡಿ. ಅವು ನಾಯಿಗೆ ವಿಷವಾಗಬಹುದು.

ಉಣ್ಣೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಅಡಗಿರುತ್ತದೆ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಬೇಡ. ನಾಯಿ ಮೈ ಮಾತ್ರ ಶುಚಿ ಮಾಡಿದರೆ ಸಾಲದು. ಉಣ್ಣೆ ಗೋಡೆ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಆ ಬಿರುಕನ್ನೂ ಮುಚ್ಚಿಸಿ. ಉಣ್ಣೆ ತಡೆಯುವ ಮಾತ್ರೆಯನ್ನು ನಾಯಿಯ ತೂಕಕ್ಕೆ ತಕ್ಕಂತೆ ವೈದ್ಯರಿಂದಲೇ ಬರೆಸಿಕೊಳ್ಳಿ.