ಸ್ವರ ಇಲ್ಲದವರಿಗೂ ಕ್ಯಾರಲ್ಸಿನಲ್ಲಿ ಜಾಗ ಉಂಟು

ತಂಗೀ,

ಅಕ್ಕಾ ಅಂತ ಕರೆದಿದ್ದೀಯಲ್ಲ, ಹಾಗಾಗಿ ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಕೇಳಿದ್ದು ಇಷ್ಟು: ಮಂಗಳೂರಿನ ಉರ್ವದಿಂದ ಮೆಲ್ಬರ್ನಿಗೆ ಹೋಗಿ ಐದು ತಿಂಗಳಾಯಿತು. ಪಕ್ಕದ ಮನೆಯವರು ಡಿಸೆಂಬರಿನ ಕ್ಯಾರಲ್ಸ್ ಸಂಜೆಗೆ, ಅಂದರೆ ಎಲ್ಲರೂ ಸೇರಿ ಕ್ರಿಸ್ಮಸ್ ಹಾಡು ಹೇಳುವುದಕ್ಕೆ, ಪಾರ್ಕಿಗೆ ಕರೆದಿದ್ದಾರೆ. ನಿನ್ನದು ಕಾಗೆಸ್ವರ, ಹಾಡುಗಳು ಪೂರ್ತಿ ಗೊತ್ತಿಲ್ಲ, ನಾವು ಕ್ರಿಶ್ಚಿಯನ್ನರೂ ಅಲ್ಲ. ಹೋಗಿ ಸುಮ್ಮನೆ ಬಾಯಾಡಿಸಿದರೆ ನಡೆಯುತ್ತದಾ, ಇಲ್ಲ ತಲೆನೋವು ಅಂತ ಹೇಳಿ ತಪ್ಪಿಸಿಕೊಳ್ಳಲಾ? ಜೊತೆಗೆ, ಕೈಯಲ್ಲಿ ಎಂತ ಹಿಡಿದುಕೊಂಡು ಹೋಗುವುದು?

ಹೋಗು ಮಾರಾಯ್ತಿ. ತಲೆನೋವಿನ ಸುಳ್ಳು ಬೇಡ. ಬಾಯಾಡಿಸುವುದಂತೂ ಬೇಡವೇ ಬೇಡ, ಸ್ವರ ತೆಗೆದೇ ಹಾಡು.

ನಾನು ಆ ಊರಿಗೆ ಹೋದ ಮೇಲೆ ಹುಟ್ಟಿದ ಮಕ್ಕಳು ಈಗ ಯೂನಿವರ್ಸಿಟಿಯಲ್ಲಿದ್ದಾರೆ, ಅಷ್ಟು ಹಳಬಳು. ನನ್ನ ಸ್ವರದ ವಿಷಯ ಹೇಳುವುದಾದರೆ, ಉಡುಪಿಯಲ್ಲಿ ಶಾಲೆಗೆ ಹೋಗುವಾಗ ಪ್ರಾರ್ಥನೆಗೆ ಮುಂದೆ ನಿಂತವಳನ್ನು ಟೀಚರು ಸದ್ದಿಲ್ಲದೆ ಹಿಂದಿನ ಸಾಲಿಗೆ ಕಳಿಸಿದ್ದರು. ತಪ್ಪೇನಿಲ್ಲ, ಶ್ರುತಿ ಒಂದು ಕಡೆ ಹೋದರೆ ನಾನು ಇನ್ನೊಂದು ಕಡೆ. ಆದರೂ ಡಿಸೆಂಬರ್ ಬಂತೆಂದರೆ ಗಂಟಲು ಕಟ್ಟುವ ತನಕ ಹಾಡುತ್ತೇನೆ, ಮನೆಯವರು ಎಷ್ಟು ಕಣ್ಣು ಬಿಟ್ಟರೂ.

ಈಗ ರಜೆಗೆ ಮಂಗಳೂರಿಗೆ ಬಂದಿದ್ದೇನೆ, ಬೆಂದೂರಿನ ಅಕ್ಕನ ಮನೆಗೆ. ನಿನ್ನ ಪ್ರಶ್ನೆ ಓದಿದ ರಾತ್ರಿಯೇ ಎದುರು ಮನೆಗೆ ಇಗರ್ಜಿಯ ಕ್ಯಾರಲ್ ತಂಡ ಬಂದಿತ್ತು. ಒಂದು ಗಿಟಾರು, ಒಂದು ಡ್ರಮ್ಮು, ಸೆಕೆ ತಡೆಯಲಾಗದೆ ಆಗಾಗ ಮುಖವಾಡ ಎತ್ತಿ ಬೆವರು ಒರೆಸಿಕೊಳ್ಳುವ ಸಾಂತಾ ಕ್ಲಾಸು. ಕೊಂಕಣಿಯದ್ದು ಒಂದು, ಇಂಗ್ಲಿಷಿನದ್ದು ಎರಡು ಹಾಡಿದರು. ನಿಜವಾಗಿ ಹಾಡಲು ಬರುತ್ತಿದ್ದದ್ದು ಗಿಟಾರಿನ ಹುಡುಗಿಗೆ ಮಾತ್ರ. ಹಿಂದೆ ಮುಂಡು ಉಟ್ಟು ನಿಂತಿದ್ದ ಹಿರಿಯರೊಬ್ಬರು ಪ್ರತಿ ಸಾಲಿನ ಕೊನೆಯ ಶಬ್ದವನ್ನಷ್ಟೇ ಹಿಡಿಯುತ್ತಿದ್ದರು, ಹಿಡಿದದ್ದನ್ನು ಉಳಿದವರೆಲ್ಲ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಬಿಡುತ್ತಿರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಎದುರು ಮನೆಯ ಬಾಯಮ್ಮ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಹಿಡಿದು ಹೊರಗೆ ಬಂದಾಗ ಕಿಡಿಯೋ, ನೆವ್ರಿ ಮೊದಲು ಹೋದದ್ದು ಅವರ ಕೈಗೇ.

ನಮ್ಮ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಉಡುಪಿಯ ತೆಂಕಪೇಟೆಯ ಲಕ್ಷ್ಮೀ ವೆಂಕಟೇಶ ದೇವಸ್ಥಾನದ ಭಜನಾ ಸಪ್ತಾಹ ನೋಡಿದ್ದೀಯಾ? ಏಳು ದಿನ ಹಗಲೂ ರಾತ್ರಿ ಭಜನೆ ನಿಲ್ಲುವಂತಿಲ್ಲ, ಒಂದು ತಂಡದವರು ಎದ್ದರೆ ಇನ್ನೊಂದು ತಂಡದವರು ಹಿಡಿಯಬೇಕು. ಸಂಜೆ ಹೊತ್ತು ಒಳ್ಳೊಳ್ಳೆ ಗಾಯಕರು ಸಿಗುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೆ ಹೋಗಿ ನೋಡಬೇಕು. ಹಗಲೆಲ್ಲ ಅಂಗಡಿಯಲ್ಲಿ ಕೂತವರು, ಕಣ್ಣು ಎಳೆಯುವವರು, ಅಪ್ಪನ ಜೊತೆ ಬಂದು ಅರ್ಧ ನಿದ್ದೆಯಲ್ಲಿ ತಾಳ ಕುಟ್ಟುವ ಮಕ್ಕಳು. ಆ ಹೊತ್ತಿನಲ್ಲಿ ರಾಗ ಎಲ್ಲಿಗೋ ಹೋಗಿರುತ್ತದೆ, ಆದರೆ ಸಾಲು ತುಂಡಾಗುವುದಿಲ್ಲ. ಒಬ್ಬನಿಗೆ ಉಸಿರು ಸಾಲದೇ ಹೋದಾಗ ಪಕ್ಕದವನ ಸ್ವರ ಇದ್ದೇ ಇರುತ್ತದೆ. ಚೆನ್ನಾಗಿ ಹಾಡುವವರಷ್ಟೇ ಹಾಡಬೇಕು ಅಂತಾಗಿದ್ದರೆ ಸಪ್ತಾಹ ಮೊದಲ ರಾತ್ರಿಯೇ ಮುಗಿಯುತ್ತಿತ್ತು.

ಆಮೇಲೆ ನಮಗೆ ಈ ನಾಚಿಕೆ ಎಲ್ಲಿಂದ ಬಂತು? ಟಿವಿಯ ಹಾಡಿನ ಸ್ಪರ್ಧೆಗಳಿಂದ ಅಂತ ನನ್ನ ಅಂದಾಜು. ನನ್ನ ಅಜ್ಜಿ ಮುಸ್ಸಂಜೆ ದೀಪ ಹಚ್ಚಿ ದಾಸರ ಪದ ಹೇಳುವಾಗ ಪಕ್ಕದ ಮನೆಯವರು ಅವರ ಜಗಲಿಯಿಂದಲೇ ಸ್ವರ ಸೇರಿಸುತ್ತಿದ್ದರು, ಯಾರೂ ಅಂಕ ಕೊಡುತ್ತಿರಲಿಲ್ಲ. ಈಗ ಐದು ವರ್ಷದ ಮಗು ಹಾಡಿದರೂ ಕೇಳುವವರು ಜಡ್ಜ್ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂರುತ್ತಾರೆ. ಪರದೇಶದ ನಮ್ಮವರ ಕೂಟಗಳಲ್ಲೂ ಕತೆ ಅದೇ. ಒಂದು ವೇದಿಕೆ, ಒಂದು ಮೈಕು, ಕ್ಯಾರಿಯೋಕೆ, ಉಳಿದವರೆಲ್ಲ ಫೋನ್ ಹಿಡಿದು ವಿಡಿಯೊ ಮಾಡುವವರು. ನನಗೆ ಅದು ಹಿಡಿಸುವುದಿಲ್ಲ, ನಮ್ಮವರು ಕೋಪ ಮಾಡಿಕೊಂಡರೂ ಪರವಾಗಿಲ್ಲ. ಮೆಲ್ಬರ್ನಿನ ಪಾರ್ಕಿನಲ್ಲಿ ವೇದಿಕೆ ಇದ್ದರೂ ಹುಲ್ಲಿನ ಮೇಲೆ ಕೂತವರೆಲ್ಲ ಹಾಡುವವರೇ.

ನಿನಗೆ ಗೊತ್ತಿರಲಿ ಅಂತ ಹೇಳುತ್ತೇನೆ, ಆ ಊರಿನಲ್ಲಿ ಈ ಪದ್ಧತಿ ಶುರುವಾದದ್ದು ಒಂಟಿ ಹೆಂಗಸಿನಿಂದ. 1937ರ ಕ್ರಿಸ್ಮಸ್ ಹಿಂದಿನ ರಾತ್ರಿ ನಾರ್ಮನ್ ಬ್ಯಾಂಕ್ಸ್ ಎಂಬ ರೇಡಿಯೊ ಅನೌನ್ಸರ್ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದಾಗ, ಕಿಟಕಿಯ ಹತ್ತಿರ ಮೇಣದ ಬತ್ತಿ ಇಟ್ಟುಕೊಂಡ ವಯಸ್ಸಾದ ಹೆಂಗಸೊಬ್ಬಳು ರೇಡಿಯೊದ ಜೊತೆ ಹಾಡುವುದು ಕಂಡನಂತೆ. ಹೀಗೆ ಒಬ್ಬೊಬ್ಬರೇ ಹಾಡುವವರನ್ನು ಒಟ್ಟು ಸೇರಿಸಬೇಕು ಅಂತ ಅವನಿಗೆ ತೋರಿತು. ಮರುವರ್ಷ ಅಲೆಕ್ಸಾಂಡ್ರಾ ಗಾರ್ಡನ್ಸಿನಲ್ಲಿ ಸುಮಾರು 10,000 ಜನ ಸೇರಿದರು. ಆಕೆ ಶ್ರುತಿಯಲ್ಲಿ ಹಾಡುತ್ತಿದ್ದಳಾ ಎಂಬುದು ಆ ಕತೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಈಗ ಆ ದೊಡ್ಡ ಕಾರ್ಯಕ್ರಮ 24ರ ರಾತ್ರಿ ಮೆಲ್ಬರ್ನಿನದ್ದೇ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ. ಅದಕ್ಕೆ ಟಿಕೆಟ್ ಬೇಕು, ಟಿವಿಯಲ್ಲೂ ಬರುತ್ತದೆ. ನನ್ನನ್ನು ಕೇಳಿದರೆ ನಿನ್ನ ಪಕ್ಕದ ಮನೆಯವರು ಕರೆದಂಥ ಸಣ್ಣ ಪಾರ್ಕಿನದ್ದೇ ಗಮ್ಮತ್ತು.

ಧರ್ಮದ ಮಾತು ಕೇಳಿದೆ. ಮಂಗಳೂರಿನಲ್ಲಿ ಕಾನ್ವೆಂಟ್ ಶಾಲೆಗೆ ಹೋದ ನಮ್ಮ ಎಷ್ಟು ಮಕ್ಕಳು ಬೆಳಿಗ್ಗೆ ಅಲ್ಲಿ ಹಾಡಿ, ಸಂಜೆ ಮನೆಯಲ್ಲಿ ಭಜನೆ ಹೇಳಿ ದೊಡ್ಡವರಾಗಿಲ್ಲ? ಮನಸ್ಸಿಗೆ ಒಗ್ಗದ ಸಾಲು ಬಂದರೆ ಸುಮ್ಮನಿರು, ಯಾರೂ ಲೆಕ್ಕ ಇಡುವುದಿಲ್ಲ. 1857ರ ಜಿಂಗಲ್ ಬೆಲ್ಸಿನಲ್ಲಂತೂ ಯೇಸುವಿನ ಹೆಸರೂ ಇಲ್ಲ, ಕ್ರಿಸ್ಮಸ್ಸೂ ಇಲ್ಲ, ಬರೀ ಹಿಮದ ಮೇಲೆ ಕುದುರೆ ಎಳೆಯುವ ಗಾಡಿ. ಬೇಸಿಗೆಯ ಸೆಕೆಯಲ್ಲಿ ಚಪ್ಪಲಿ, ಚಡ್ಡಿ ಹಾಕಿಕೊಂಡು ನೂರಾರು ಜನ ಹಿಮದ ಹಾಡು ಹೇಳುವುದನ್ನು ನೋಡಿದರೆ ನಿನಗೇ ನಗು ಬರುತ್ತದೆ. ಅವರಿಗೂ ಬರುತ್ತದೆ.

ಇನ್ನು ಹಾಡುವ ಉಪಾಯ. ಎರಡನೇ ಚರಣ ಅಲ್ಲಿಯವರಿಗೂ ಬಾಯಿಗೆ ಬರುವುದಿಲ್ಲ, ಎಲ್ಲರೂ ಚೀಟಿಯನ್ನೋ ಪರದೆಯನ್ನೋ ನೋಡಿಯೇ ಹಾಡುವುದು, ಹಾಗಾಗಿ ಕನ್ನಡಕ ಮರೆಯಬೇಡ. ಹಾಡು ಶುರುವಾಗುವ ಶ್ರುತಿ ವೇದಿಕೆಯ ಗಾಯಕರ ಗಂಟಲಿಗೆ ಹೊಂದುವಂಥದ್ದು, ನಿನ್ನ ಗಂಟಲಿಗಲ್ಲ. ಮೇಲೆ ಏರಲಾಗದಿದ್ದರೆ ಕಿರುಚಬೇಡ, ಒಂದು ಸ್ಥಾಯಿ ಕೆಳಗೆ ಇಳಿದು ಹಾಡು. ಸೈಲೆಂಟ್ ನೈಟ್ ಮೆತ್ತಗೆ ಶುರುವಾಗುತ್ತದೆ ಅಂತ ಮೋಸ ಹೋಗಬೇಡ, ಕೊನೆಗೆ ಬರುವಾಗ ಸ್ವರ ದಿಢೀರನೆ ಮೇಲೆ ಹೋಗುತ್ತದೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫಿನಲ್ಲಿ ಅದನ್ನು ಮೊದಲು ಹಾಡಿದ್ದು ಗಿಟಾರ್ ಹಿಡಿದ ಒಬ್ಬ ಕಿರಿಯ ಪಾದ್ರಿ, ಅದಕ್ಕೆ ರಾಗ ಹಾಕಿದ ಒಬ್ಬ ಶಾಲಾ ಮಾಸ್ತರು. ಪಾದ್ರಿಗೆ ಗಂಟಲು ಚೆನ್ನಾಗಿ ಏರುತ್ತಿದ್ದಿರಬೇಕು. ಡೆಕ್ ದ ಹಾಲ್ಸ್ ಬಂದಾಗ ಮಾತ್ರ ಧೈರ್ಯವಾಗಿ ಬೊಬ್ಬೆ ಹಾಕು. ಅದರ ಫಲಲಲ ನಮ್ಮ ಭಜನೆಯ ಪಲ್ಲವಿಯ ಲೆಕ್ಕವೇ, ಶಬ್ದ ಬೇಡ, ತಾಳ ಸಿಕ್ಕಿದರೆ ಸಾಕು.

ಬಾಯಾಡಿಸುವುದು ಯಾಕೆ ಬೇಡ ಅಂದೆ ಗೊತ್ತಾ? ಸ್ವರ ತೆಗೆಯದವಳಿಗೆ ಅದು ಎರಡು ಗಂಟೆಯ ಕಾರ್ಯಕ್ರಮ, ಕೂತು ಕೂತು ಕಾಲು ಜೋಮು ಹಿಡಿಯುತ್ತದೆ. ಸ್ವರ ತೆಗೆದವಳಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮೊದಲೆರಡು ಸಾಲು ನಿನ್ನ ಸ್ವರ ನಿನಗೇ ಕೇಳಿ ಮುಜುಗರ ಆಗುತ್ತದೆ, ಆಮೇಲೆ ಅದು ಗುಂಪಿನೊಳಗೆ ಸೇರಿಹೋಗಿ ಎಲ್ಲಿದೆ ಅಂತ ಹುಡುಕಿದರೂ ಸಿಗುವುದಿಲ್ಲ. ಅದರ ಖುಷಿ ಬರೆದು ತಿಳಿಸುವಂಥದ್ದಲ್ಲ. ಹಾಡಲು ಬಲ್ಲವರಿಗೆ ಅದು ಸಿಗುತ್ತದೋ ಇಲ್ಲವೋ ಅಂತ ನನಗೆ ಸಂಶಯವೇ. ಅವರು ಪಾಪ ತಮ್ಮ ಸ್ವರವನ್ನು ಕಾಯುತ್ತಾ ಕೂತಿರುತ್ತಾರೆ.

ಚಾಪೆ ತಗೊಂಡು ಹೋಗು. ಆ ದಿನಗಳಲ್ಲಿ ಸೂರ್ಯ ಮುಳುಗುವಾಗ ಎಂಟೂಮುಕ್ಕಾಲು ಆಗುತ್ತದೆ, ಎಲ್ಲರೂ ಮೇಣದ ಬತ್ತಿ ಹಚ್ಚುವುದು ಅದರ ನಂತರ. ಈಗೀಗ ಹೆಚ್ಚಾಗಿ ಬ್ಯಾಟರಿಯದ್ದು, ಒಣಹುಲ್ಲಿಗೆ ಬೆಂಕಿ ಬೀಳುತ್ತದೆ ಅಂತ ಹೆದರಿಕೆ. ಮಧ್ಯಾಹ್ನ ಎಷ್ಟೇ ಸುಟ್ಟರೂ ಸ್ವೆಟರ್ ಇರಲಿ, ಗಾಳಿ ತಿರುಗಿದರೆ ಅರ್ಧ ಗಂಟೆಯಲ್ಲಿ ನಡುಕ ಹುಟ್ಟುತ್ತದೆ. ತಿನ್ನಲಿಕ್ಕೆ ಚಕ್ಕುಲಿ ಮಾಡಿಕೊಂಡು ಹೋಗು, ಪಕ್ಕದ ಮನೆಯವರಿಗೆ ಅಂತ ಖಾರ ಸ್ವಲ್ಪ ಕಡಿಮೆ ಹಾಕು. ಆದರೆ ಹಾಡು ಮಧ್ಯದಲ್ಲಿರುವಾಗ ಡಬ್ಬ ತೆಗೆಯಬೇಡ, ಬಾಯಲ್ಲಿ ಚಕ್ಕುಲಿ ಇದ್ದರೆ ಫಲಲಲ ಹೇಳಲಿಕ್ಕಾಗುವುದಿಲ್ಲ.