ಓದುಗರ ಪ್ರಶ್ನೆ, ನಮ್ಮ ಉತ್ತರ: ವೈನರಿಗೆ ಹೋಗುವ ಮುನ್ನ

ಮಾರ್ಚ್‌ನಲ್ಲಿ ರಜೆ ಇದೆ. ನಂದಿ ಬೆಟ್ಟದ ಕಡೆಯ ವೈನರಿ ನೋಡಲು ಅದು ಒಳ್ಳೆಯ ಕಾಲವೇ? (ತುಮಕೂರು)

ಒಳ್ಳೆಯ ಕಾಲ, ಆದರೆ ತಿಂಗಳ ಮೊದಲ ಭಾಗದಲ್ಲೇ ಹೋಗಿ. ನಮ್ಮಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಹಣ್ಣಿಗೆಂದು. ಆ ಹಣ್ಣು ಸಾಮಾನ್ಯವಾಗಿ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ಬಿಳಿ ತಳಿಗಳು ಮೊದಲು, ಕಾಬರ್ನೆ ಸೊವಿನ್ಯೋದಂಥ ಕೆಂಪು ತಳಿಗಳು ಆಮೇಲೆ.

ಆಗ ಹೋದರೆ ಟ್ಯಾಂಕಿನ ಬಾಯಿಯ ಹತ್ತಿರ ನಿಂತು ನೋಡಲು ಅನುಮತಿ ಕೇಳಿ. ಕೆಂಪು ವೈನ್ ಹುದುಗುವಾಗ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಪದರವಾಗಿ ಕೂರುತ್ತದೆ. ಬಣ್ಣವೂ ಒಗರೂ ಇರುವುದು ಆ ಸಿಪ್ಪೆಯಲ್ಲೇ. ಅದಕ್ಕೇ ಕೆಳಗಿನ ರಸವನ್ನು ದಿನಕ್ಕೆ ಕೆಲವು ಬಾರಿ ಪಂಪಿನಲ್ಲೆತ್ತಿ ಅದರ ಮೇಲೆ ಸುರಿಯುತ್ತಾರೆ. ಬಿಟ್ಟರೆ ಪದರ ಒಣಗಿ ವಿನೆಗರ್ ವಾಸನೆ ಹುಟ್ಟುತ್ತದೆ. ಬಿಳಿ ವೈನ್‌ಗೆ ಈ ಪಾಡಿಲ್ಲ. ಹಣ್ಣನ್ನು ಮೊದಲೇ ಹಿಂಡಿ, ರಸವನ್ನಷ್ಟೇ ತಣ್ಣಗೆ, ಸುಮಾರು 12–16 ಡಿಗ್ರಿಯಲ್ಲಿ ಹುದುಗಿಸುತ್ತಾರೆ.

ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಸಣ್ಣ ವೈನರಿಗಳಲ್ಲಿ ತೋಟ ತೋರಿಸುವವರೂ ವೈನ್ ಮಾಡುವವರೂ ಒಬ್ಬರೇ ಆಗಿರುವುದುಂಟು. ಅಕ್ಟೋಬರ್ 2ರಂಥ ದಿನ, ಮತದಾನದ ಆಸುಪಾಸು ಮದ್ಯ ಮಾರಾಟಕ್ಕೆ ನಿಷೇಧವಿರುತ್ತದೆ, ಅದನ್ನೂ ವಿಚಾರಿಸಿ.

ವೈನರಿಯಲ್ಲಿ ರುಚಿ ನೋಡಲು ಐದಾರು ಬಗೆ ವೈನ್ ಕೊಡುತ್ತಾರೆ, ಎಲ್ಲ ಒಂದೇ ಥರ ಅನ್ನಿಸುತ್ತದೆ. ಉಗುಳಲು ಬಕೆಟ್ ಇಡುತ್ತಾರೆ, ಉಗುಳಿದರೆ ಅವಮಾನವಲ್ಲವೇ? (ಮೈಸೂರು)

ಖಂಡಿತ ಅವಮಾನವಲ್ಲ. ವೈನ್ ಮಾಡುವವರೇ ದಿನವಿಡೀ ಉಗುಳುತ್ತಾರೆ. ಲೆಕ್ಕ ನೋಡಿ: ಒಂದೊಂದು ಸಲ 40 ಮಿಲಿಯಂತೆ ಐದು ಬಗೆ ಎಂದರೆ 200 ಮಿಲಿ. ಶೇ 13ರ ವೈನ್ ಆದರೆ ಅದರಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 60 ಕಿಲೋ ತೂಕದವರು ಅಷ್ಟನ್ನೂ ನುಂಗಿದರೆ, ವಾಹನ ಚಾಲಕರಿಗೆ ಕಾನೂನು ಇಟ್ಟಿರುವ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಮಿತಿ ಸುಲಭವಾಗಿ ದಾಟುತ್ತದೆ. ಗಾಡಿ ಓಡಿಸುವವರು ರುಚಿ ನೋಡುವುದೇ ಬೇಡ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ.

ಎಲ್ಲ ಒಂದೇ ಅನ್ನಿಸುವುದಕ್ಕೆ ಕಾರಣ ಬಹುಪಾಲು ಮೂಗು. ಅತ್ತರು, ಎಲೆಅಡಿಕೆ, ಲವಂಗ, ಖಾರದ ಚಟ್ನಿ, ಇವೆಲ್ಲ ಆ ಬೆಳಿಗ್ಗೆ ಬೇಡ. ಗ್ಲಾಸನ್ನು ಕಾಂಡದಲ್ಲಿ ಹಿಡಿಯಿರಿ. ತಿರುಗಿಸದೆ ಒಮ್ಮೆ ಮೂಸಿ, ಆಮೇಲೆ ನಾಲ್ಕು ಸುತ್ತು ತಿರುಗಿಸಿ ಮತ್ತೆ ಮೂಸಿ. ಒಂದು ಟೀ ಚಮಚೆಯಷ್ಟನ್ನು ಬಾಯಲ್ಲಿ ನಾಲ್ಕೈದು ಸೆಕೆಂಡ್ ಆಡಿಸಿ. ಕೆನ್ನೆಯ ಒಳಬದಿಯಲ್ಲಿ ನೀರೂರಿದರೆ ಅದು ಹುಳಿ. ಎಳೆ ಬಾಳೆಕಾಯಿ ಕಚ್ಚಿದಂತೆ ವಸಡು ಬಿಗಿದರೆ ಅದು ಒಗರು. ಈ ಎರಡನ್ನು ಬೇರೆ ಮಾಡಲು ಬಂದರೆ ಅರ್ಧ ಕೆಲಸ ಮುಗಿಯಿತು. ಸ್ಪಾರ್ಕ್ಲಿಂಗ್ (ನೊರೆಗುಳ್ಳೆ ಏಳುವಂಥದ್ದು), ಬಿಳಿ, ರೋಸೆ (ತಿಳಿಗುಲಾಬಿ ಬಣ್ಣದ್ದು), ಕೆಂಪು, ಕೊನೆಗೆ ಸಿಹಿ: ಈ ಕ್ರಮ ತಪ್ಪಿಸಬೇಡಿ. ಸಿಹಿ ಮೊದಲು ಕುಡಿದರೆ ಮುಂದಿನದೆಲ್ಲ ಬರೀ ಹುಳಿ.

ಸಾಧ್ಯವಾದರೆ ಒಂದೇ ಕೆಂಪು ವೈನನ್ನು ಸ್ಟೀಲ್ ಟ್ಯಾಂಕಿನಿಂದ ಒಂದಿಷ್ಟು, ಓಕ್ ಪೀಪಾಯಿಯಿಂದ ಒಂದಿಷ್ಟು ಕೇಳಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯ ಪೀಪಾಯಿ 225 ಲೀಟರಿನದು, ಸುಮಾರು 300 ಬಾಟಲಿಗೆ ಸಮ. ಅದರ ವೆನಿಲ್ಲಾ, ಸುಟ್ಟ ಮರದ ಪರಿಮಳ ಎಲ್ಲಿಂದ ಬಂತೆಂದು ಆಗ ತಾನೇ ತಿಳಿಯುತ್ತದೆ. ದುಬಾರಿ ಬಾಟಲಿಯ ರುಚಿಗಿಂತ ಈ ಹೋಲಿಕೆ ಹೆಚ್ಚು ಕಲಿಸುತ್ತದೆ.

ಬೆಂಗಳೂರು ನೀಲಿ ದ್ರಾಕ್ಷಿ ನಮ್ಮದೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಹಣ್ಣು. ಇಂಥ ವೈನರಿಗಳಲ್ಲಿ ಅದೇಕೆ ಕಾಣುವುದಿಲ್ಲ? (ಚಿಕ್ಕಬಳ್ಳಾಪುರ)

ಅದು ಅಮೆರಿಕ ಮೂಲದ ಬಳಗದ ತಳಿ. ಹಣ್ಣಿನಲ್ಲಿ ಘಮ್ಮೆನ್ನುವ ಆ ಪರಿಮಳ ರಸಕ್ಕೂ ಜಾಮಿಗೂ ಸೊಗಸು. ಸಿಹಿಯಿಲ್ಲದ ವೈನ್‌ನಲ್ಲಿ ಬೇರೆಲ್ಲ ವಾಸನೆಗಳನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದಲೇ ಅದು ಸಿಹಿ ‘ಪೋರ್ಟ್ ವೈನ್’ ಕಡೆಗೆ ಹೋಗುತ್ತದೆ. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಶುರುಮಾಡಿದ ತೋಟದಲ್ಲಿ ಫ್ರೆಂಚ್ ತಳಿಗಳನ್ನು ಆರಿಸಿಕೊಂಡದ್ದು ಒಣ, ಅಂದರೆ ಸಿಹಿಯಿಲ್ಲದ, ವೈನ್ ಗುರಿಯಿಂದಲೇ. ತಳಿ ಕೀಳೆಂದಲ್ಲ, ಅದರ ಕೆಲಸ ಬೇರೆ.

ಅಲ್ಲಿ ಚೆನ್ನಾಗಿದ್ದ ವೈನ್ ಮನೆಯಲ್ಲಿ ಕೆಟ್ಟದಾಗಿತ್ತು. ಬಿರಡೆಗೆ ಹರಳು ಬೇರೆ ಅಂಟಿತ್ತು. ಮೋಸವೇ? (ಹುಬ್ಬಳ್ಳಿ)

ಹರಳಿಗೆ ಹೆದರಬೇಡಿ, ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಉಪ್ಪು ತಂಪಿಗೆ ಹಾಗೆ ಕೂರುತ್ತದೆ. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಬಾಟಲಿ ವಾಪಸ್ ಕೊಡಬಹುದು. ಕೊಳೆತ ಮೊಟ್ಟೆಯ ವಾಸನೆಯಾದರೆ ಜಗ್ಗಿಗೆ ಬಗ್ಗಿಸಿ ಅರ್ಧ ಗಂಟೆ ಬಿಡಿ, ಹಲವು ಸಲ ಹೋಗುತ್ತದೆ. ಬಿರಡೆ ಬಾಯಿಯಿಂದ ಮೇಲೆದ್ದು, ವೈನ್ ಬೇಯಿಸಿದ ಹಣ್ಣಿನಂತಿದ್ದರೆ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯನ್ನು ಅನುಮಾನಿಸಿ. ಥರ್ಮೋಕೋಲ್ ಡಬ್ಬಿ ಒಯ್ಯಿರಿ, ಬಾಟಲಿಯನ್ನು ಹೊರಡುವಾಗ ಕೊಳ್ಳಿ.

ದೋಷವೇನೂ ಇಲ್ಲದಿದ್ದರೆ ಉಷ್ಣತೆ ನೋಡಿ. ಕೆಂಪು ವೈನ್‌ಗೆ 16–18 ಡಿಗ್ರಿ ಹಿತ. ನಿಮ್ಮ ಬೇಸಿಗೆಯ ಕೋಣೆ 30 ದಾಟುತ್ತದೆ. ಅಲ್ಲಿ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ. ತೆರೆಯುವ ಮುನ್ನ ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ ಇಡಿ. ಉಳಿದದ್ದನ್ನು ಬಿರಡೆ ಹಾಕಿ ಅದೇ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.