ಆರದ ಬಟ್ಟೆ, ಕೆಂಪಾದ ಮೈ: ಮಳೆಗಾಲದ ಕೂಸಿನ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮಲೆನಾಡು, ಕರಾವಳಿಯ ತಾಯಂದಿರದ್ದೇ ಜಾಸ್ತಿ. ಮಳೆ ಹಿಡಿದರೆ ಬಿಡುತ್ತಿಲ್ಲ, ಬಟ್ಟೆ ಆರುತ್ತಿಲ್ಲ, ಮಗುವಿನ ಮೈ ಕೆಂಪಾಗಿದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆ ಆಗುಂಬೆ ಹತ್ತಿರ. ಮಗಳಿಗೆ ನಾಲ್ಕು ತಿಂಗಳು. ಆರಿದ್ರಾ ಮಳೆ ಶುರುವಾದ ಮೇಲೆ ಲಂಗೋಟಿ ಒಂದೂ ಸರಿಯಾಗಿ ಆರಿಲ್ಲ. ಬಚ್ಚಲ ಒಲೆ ಮೇಲಿನ ಕೋಲಿಗೆ ಹಾಕುತ್ತೇವೆ, ಅರ್ಜೆಂಟಿದ್ದರೆ ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಹರವುತ್ತೇವೆ. ಈಗ ತೊಡೆಸಂದಿ ಕೆಂಪಾಗಿದೆ. ಡೈಪರ್ ಹಾಕಿಬಿಡಲೇ?

ಉತ್ತರ: ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನವರಿಗೆ ಬಿಸಿಲಿಗೆ ಹಾಕಿ ಅಂತ ಹೇಳಿ ಪ್ರಯೋಜನವಿಲ್ಲ. ಒಲೆ ಮೇಲೆ ಹಾಕಿ, ತೊಂದರೆಯಿಲ್ಲ, ಹೊಗೆ ಕುಡಿಯದ ಹಾಗೆ ಸ್ವಲ್ಪ ದೂರ ಇರಲಿ. ಕೆಂಡದ ವಿಷಯದಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. ಬಾಗಿಲು, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಡಲೇಬಾರದು. ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದಲ್ಲೇ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಬಟ್ಟೆಯನ್ನು ಗಾಳಿಯಾಡುವ ಬೇರೆ ಕಡೆ ಒಣಗಿಸಿ ಒಳಗೆ ತನ್ನಿ.

ಇನ್ನೊಂದು ವಿಷಯ. ಕೈಗೆ ಆರಿದೆ ಅನ್ನಿಸಿದ ಬಟ್ಟೆಯಲ್ಲೂ ಅಂಚಿನ ಮಡಿಕೆ, ಹೊಲಿಗೆ, ಕಟ್ಟುವ ದಾರದ ಬುಡದಲ್ಲಿ ತೇವ ಉಳಿದಿರುತ್ತದೆ. ತೊಡೆಸಂದಿಗೆ ಉಜ್ಜುವುದೂ ಆ ಅಂಚೇ ಅಲ್ವಾ? ಅಂಚನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಆರಿಲ್ಲ ಅಂತ ಲೆಕ್ಕ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಹೊಲಿಗೆಗಳ ಮೇಲೆ ನಿಧಾನವಾಗಿ ಎಳೆಯಿರಿ, ಆವಿ ಏಳುವುದು ನಿಲ್ಲುವ ತನಕ. ಆಮೇಲೆ ಬಿಸಿ ಆರಲು ಬಿಟ್ಟು ಉಡಿಸಿ. ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸುವುದೂ ಅಷ್ಟೇ ಮುಖ್ಯ, ಕೊನೆಯ ನೀರಿಗೆ ಡಿಸಿನ್ಫೆಕ್ಟೆಂಟ್ ಸುರಿಯುವುದು ಬೇಡ.

ಕೆಂಪು ಎಲ್ಲಿದೆ ಅಂತ ಗಮನಿಸಿ. ಉಬ್ಬಿದ ಭಾಗಗಳಲ್ಲಿ ಕೆಂಪಿದ್ದು ಮಡಿಕೆಯ ಒಳಗೆ ಚೆನ್ನಾಗಿದ್ದರೆ ಅದು ಉಚ್ಚೆ, ಕಕ್ಕದ ತೇವದಿಂದ ಆದ ಉರಿ. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮನ್ನು ದಪ್ಪಗೆ ಬಳಿಯಿರಿ, ದಿನಕ್ಕೆ ಒಂದಷ್ಟು ಹೊತ್ತು ಬೆಚ್ಚಗಿನ ಕೋಣೆಯಲ್ಲಿ ಏನೂ ಕಟ್ಟದೆ ಮಲಗಿಸಿ. ಎರಡು ಮೂರು ದಿನದಲ್ಲಿ ತಿಳಿಯಾಗಬೇಕು. ಮಡಿಕೆಯ ಆಳದಲ್ಲೇ ಗಾಢ ಕೆಂಪಿದ್ದು, ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆ ಎದ್ದಿದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಬೇರೆ ಮುಲಾಮು ಬೇಕು, ಡಾಕ್ಟರಿಗೆ ತೋರಿಸಿ.

ಡೈಪರ್ ಹಾಕಿ, ಅದರಲ್ಲಿ ತಪ್ಪೇನಿಲ್ಲ. ಅರೆ ಆರಿದ ಲಂಗೋಟಿಗಿಂತ ಒಳ್ಳೆಯ ಡೈಪರ್ ಎಷ್ಟೋ ವಾಸಿ. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ತಕ್ಷಣ.

ಪ್ರಶ್ನೆ: ಮಗನ ಕುತ್ತಿಗೆಯ ಮಡಿಕೆ ಹಸಿ ಹಸಿಯಾಗಿ ವಾಸನೆ ಬರುತ್ತಿದೆ. ಪೌಡರ್ ಹಾಕಿದಷ್ಟೂ ಜಾಸ್ತಿಯಾಗುತ್ತಿದೆ. — ಮಂಗಳೂರು

ಉತ್ತರ: ಪೌಡರ್ ಇವತ್ತೇ ನಿಲ್ಲಿಸಿ. ಜೊಲ್ಲು, ಹಾಲು, ಬೆವರಿನ ಜೊತೆ ಸೇರಿ ಅದು ಮಡಿಕೆಯೊಳಗೆ ಮುದ್ದೆಯಾಗಿ ಕೂರುತ್ತದೆ, ಚರ್ಮ ಉಜ್ಜುತ್ತದೆ. ಅದರ ಧೂಳು ಮಗುವಿನ ಶ್ವಾಸಕೋಶಕ್ಕೂ ಹೋಗುತ್ತದೆ, ಹಾಗಾಗಿ ಚೆನ್ನಾಗಿರುವ ಮೈಗೂ ಹಾಕಬೇಡಿ. ಹಾಲು ಕುಡಿಸಿದ ಮೇಲೆ ಗಲ್ಲ ಮೆಲ್ಲಗೆ ಎತ್ತಿ, ಒದ್ದೆ ಹತ್ತಿಬಟ್ಟೆಯಿಂದ ಒರೆಸಿ, ಇನ್ನೊಂದು ಒಣ ಬಟ್ಟೆ ಒತ್ತಿ ತೇವ ತೆಗೆಯಿರಿ. ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ಕೂಡ ಹೀಗೇ. ನಿಮ್ಮ ಕಡೆ ಮಳೆ ಜೊತೆಗೆ ಸೆಕೆಯೂ ಇರುತ್ತದೆ, ಮಳೆ ಅಂತ ಟೋಪಿ, ಸ್ವೆಟರ್, ಕಾಲುಚೀಲ ಎಲ್ಲ ಹಾಕಿದರೆ ಬೆವರುಸಾಲೆ ಏಳುವುದು ಖಂಡಿತ. ಬೆನ್ನಿನ ಮೇಲೆ ಕೈಯಿಟ್ಟು ನೋಡಿ, ಬೆವರಿದ್ದರೆ ಒಂದು ಪದರ ಕಳಚಿ.

ಪ್ರಶ್ನೆ: ಹೆರಿಗೆಯಾಗಿ ಇಪ್ಪತ್ತು ದಿನ. ಬೀರುವಿನಲ್ಲಿ ಇಟ್ಟಿದ್ದ ಹಳೆ ಶಾಲು, ಉಣ್ಣೆ ಟೋಪಿಯನ್ನು ಅಮ್ಮ ತೆಗೆದುಕೊಟ್ಟಿದ್ದಾರೆ. ನುಸಿಗುಳಿಗೆ ವಾಸನೆ ಬರುತ್ತಿದೆ. ಹಾಗೇ ಸುತ್ತಬಹುದಾ? — ಕುಂದಾಪುರ

ಉತ್ತರ: ಬೇಡ. ಕೇಳಿದ್ದು ಬಹಳ ಒಳ್ಳೆಯದಾಯಿತು, ಇದನ್ನು ಕೇಳುವವರು ಕಡಿಮೆ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಮೈಯೊಳಗೆ ಹೋಗುತ್ತದೆ, ಎಣ್ಣೆ ಹಚ್ಚಿದ ಮೈಯಾದರೆ ಇನ್ನೂ ಬೇಗ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ರಕ್ತ ಪರೀಕ್ಷೆ ಮಾಡದೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ನ್ಯಾಫ್ತಲೀನ್ ತಾಕಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏಕಾಏಕಿ ಏರುತ್ತದೆ, ಜಾಸ್ತಿಯಾದರೆ ಮೆದುಳಿಗೇ ಪೆಟ್ಟು. ವಾಸನೆ ಇರುವ ಉಣ್ಣೆ ಬಟ್ಟೆ ಸದ್ಯಕ್ಕೆ ದೂರವೇ ಇರಲಿ. ಮಗುವಿನ ಬಟ್ಟೆಗೆ ಬೇರೆ ಜಾಗ ಮಾಡಿ, ಅಲ್ಲಿ ಒಂದು ಗುಳಿಗೆಯೂ ಇರಬಾರದು. ಕಣ್ಣು, ಅಂಗಾಲು ಹಳದಿಯಾದರೆ, ಉಚ್ಚೆಯ ಬಣ್ಣ ಕಪ್ಪಗಾದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ನುಸಿಗುಳಿಗೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಗದ್ದೆ ಕೆಲಸ ಶುರುವಾದ ಮೇಲೆ ನನ್ನ ಗಂಡನಿಗೆ, ಮಾವನವರಿಗೆ ಹುಳುಕಡ್ಡಿ ಎದ್ದಿದೆ. ಈಗ ಎಂಟು ತಿಂಗಳ ಮಗುವಿನ ಸೊಂಟದ ಹತ್ತಿರವೂ ಉಂಗುರದ ಹಾಗೆ ಬಂದಿದೆ. ಅವರು ಮೆಡಿಕಲ್‌ನಿಂದ ತಂದ ಟ್ಯೂಬನ್ನೇ ಹಚ್ಚಿದೆವು. ಎರಡು ದಿನ ಕಡಿಮೆಯಾಗಿ ಈಗ ಅಗಲವಾಗಿದೆ. — ಸಾಗರ

ಉತ್ತರ: ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಬೆಕ್ಲೋಮೆಥಸೋನ್ ಇವುಗಳಲ್ಲಿ ಒಂದು ಹೆಸರು ಇದ್ದೇ ಇರುತ್ತದೆ ಅನ್ನಿಸುತ್ತದೆ. ಇವೆಲ್ಲ ಸ್ಟೀರಾಯ್ಡ್. ನವೆ, ಕೆಂಪು ಬೇಗ ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಒಳಗೆ ಫಂಗಸ್ ಮಾತ್ರ ಆರಾಮಾಗಿ ಹರಡುತ್ತಿರುತ್ತದೆ. ದೊಡ್ಡವರಿಗೇ ಇದು ದೊಡ್ಡ ತಲೆನೋವಾಗಿದೆ. ಮಗುವಿನ ತೆಳು ಚರ್ಮದ ಮೇಲೆ, ಅದೂ ಡೈಪರ್ ಮುಚ್ಚಿದ ಜಾಗದಲ್ಲಿ ಹಚ್ಚಿದರೆ ಔಷಧ ರಕ್ತಕ್ಕೆ ಸೇರುತ್ತದೆ, ತುಂಬ ದಿನ ಹಚ್ಚಿದರೆ ಬೆಳವಣಿಗೆಗೂ ಅಡ್ಡಿ. ಇದನ್ನು ನೋಡಿದಾಗೆಲ್ಲ ನನಗೆ ತುಂಬ ಸಂಕಟವಾಗುತ್ತದೆ, ಏಕೆಂದರೆ ಯಾವ ತಾಯಿಯೂ ಕೆಟ್ಟದಾಗಲಿ ಅಂತ ಹಚ್ಚಿರುವುದಿಲ್ಲ.

ಟ್ಯೂಬನ್ನು ಜೊತೆಗೇ ತೆಗೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಮಗುವೊಂದಕ್ಕೇ ಔಷಧ ಮಾಡಿದರೆ ಸಾಲದು, ಗಂಡ, ಮಾವನವರೂ ಬರಬೇಕು, ಅವರ ಮೈಯಿಂದಲೇ ಮತ್ತೆ ಬರುತ್ತದೆ. ಗದ್ದೆಯಿಂದ ಬಂದವರು ಮೊದಲು ಸ್ನಾನ ಮಾಡಿ, ಒಣ ಬಟ್ಟೆ ಉಟ್ಟು, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಟವೆಲ್ ಬೇರೆ ಇರಲಿ. ಡಾಕ್ಟರು ಹೇಳಿದಷ್ಟು ವಾರ ಮುಲಾಮು ಹಚ್ಚಿ, ಉಂಗುರ ಮಾಸಿತು ಅಂತ ಮಧ್ಯದಲ್ಲಿ ಬಿಡಬೇಡಿ.

ಪ್ರಶ್ನೆ: ಅತ್ತೆಯವರು ದಿನಾ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಾಕಿ ಬಿಸಿಬಿಸಿ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕುತ್ತಾರೆ. ಬೇಡ ಅಂದರೆ ಬೇಜಾರಾಗುತ್ತಾರೆ. — ಶಿರಸಿ

ಉತ್ತರ: ಎಣ್ಣೆ ತಿಕ್ಕುವ ಕೆಲಸ ಅವರಿಗೇ ಬಿಡಿ, ಆ ಕೈಯ ಹದ ನಮಗೆ ನಿಮಗೆ ಬರುವುದಿಲ್ಲ. ತೆಂಗಿನೆಣ್ಣೆ ಒಳ್ಳೆಯದು, ಸಾಸಿವೆ ಎಣ್ಣೆ ಬೇಡ. ಮಡಿಕೆಗಳಲ್ಲಿ ಎಣ್ಣೆ ನಿಲ್ಲಬಾರದು, ಮೂಗು ಕಿವಿಗೆ ಬಿಡಲೇಬಾರದು. ಕಡಲೆಹಿಟ್ಟು ಚರ್ಮ ತರಚುತ್ತದೆ, ಮಡಿಕೆಯಲ್ಲಿ ಅಂಟಿಕೊಂಡು ಹುಳಿಯುತ್ತದೆ, ಅದನ್ನು ಬಿಡಿಸಿ. ನೀರು ಮೊಣಕೈಗೆ ಹಿತವಾಗಿ ಬೆಚ್ಚಗಿದ್ದರೆ ಸಾಕು. ಹೊಗೆ ಮಾತ್ರ ಪೂರ್ತಿ ನಿಲ್ಲಬೇಕು, ಮಗುವಿನ ಉಸಿರಿಗೆ ಕೆಟ್ಟದ್ದು. ತಲೆ ಆರಲಿ, ಮೈ ಬೆಚ್ಚಗಾಗಲಿ ಅಂತಲೇ ಅತ್ತೆ ಹೊಗೆ ಹಾಕುವುದು. ಒಣ ಟವೆಲಿನಿಂದ ಒರೆಸಿ ಎದೆಗೆ ಅಪ್ಪಿಕೊಳ್ಳಿ ಅನ್ನಿ, ಎರಡೂ ಆಗುತ್ತದೆ. ಮಳೆಗಾಲದಲ್ಲಿ ದಿನಾ ಸ್ನಾನವೇ ಆಗಬೇಕೆಂದಿಲ್ಲ, ವಾರಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ ಸಾಕು. ಉಳಿದ ದಿನ ಮೈ ಒರೆಸಿದರಾಯಿತು.

ಪ್ರಶ್ನೆ: ಎರಡು ತಿಂಗಳ ಕೂಸಿನ ಹೊಟ್ಟೆ ಮೇಲೆ ನೀರುಗುಳ್ಳೆ ಎದ್ದು ಕೀವು ತುಂಬಿದೆ, ಕೆಲವು ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟಿದೆ. ಅರಿಶಿನ ಹಚ್ಚಲಾ? — ಹೊಸನಗರ

ಉತ್ತರ: ಬೇಡ, ಏನೂ ಹಚ್ಚಬೇಡಿ, ಒಡೆಯಲೂ ಬೇಡಿ. ಇದು ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ, ಈ ವಯಸ್ಸಿನಲ್ಲಿ ಕಾಯುವ ಹಾಗಿಲ್ಲ, ಇವತ್ತೇ ತೋರಿಸಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಹಾಲು ಕುಡಿಯದೆ ಮಂಕಾಗಿ ಮಲಗಿದರೆ, ರಾತ್ರಿಯಾಗಿರಲಿ, ಮಳೆ ಸುರಿಯುತ್ತಿರಲಿ, ಆಗಲೇ ಹೊರಡಿ.